ಸೇಬಿನ ಪೆಟ್ಟಿಗೆಯ ಮಣ್ಣು

ಜೂನ್ ೨೪, ೨೦೨೪, ಸೋಮವಾರ

ಹನ್ನೆರಡು ದಿನವಾಯಿತು. ಇನ್ನು ನೂರ ಹದಿನೇಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ ಕೂರಬೇಕು. ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ, ಬಳೆ ಸುರ್ಮಾ ಅತ್ತರು ಒಂದೂ ಇಲ್ಲ. ಅಕ್ಟೋಬರ್ ಹತ್ತೊಂಬತ್ತಕ್ಕೆ ಮುಗಿಯುತ್ತದೆ ಎಂದು ನಮ್ಮಣ್ಣ ಮುಝಫರ್ ಕ್ಯಾಲೆಂಡರ್ ನೋಡಿ ಹೇಳಿ ಹೋಗಿದ್ದಾನೆ. ಅವತ್ತೇ ಬಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುತ್ತಾನಂತೆ. ಈ ಹಿರಿಯೂರಿನಲ್ಲಿ ನನಗಿನ್ನೇನು ಕೆಲಸ.

ಈ ಡೈರಿ ಹಣ್ಣಿನ ಮಂಡಿಯವರು ಹೊಸ ವರ್ಷಕ್ಕೆ ನನ್ನ ಗಂಡ ಅಲಿಯವರಿಗೆ ಕೊಟ್ಟದ್ದು. ಅವರು ಒಂದಕ್ಷರ ಬರೆದಿರಲಿಲ್ಲ. ನಾನು ಪಿಯುಸಿವರೆಗೂ ಓದಿದ್ದು ಕನ್ನಡದಲ್ಲಿ. ಅತ್ತೆಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ಏನು ಬೇಕಾದರೂ ಬರೆಯಬಹುದು. ಬರೆಯುತ್ತೇನೆ: ನನಗೆ ಯಾರ ಮುಖ ನೋಡುವುದೂ ಬೇಡವಾಗಿದೆ.

ನಮ್ಮ ಹಣ್ಣಿನಂಗಡಿ ಮುಂದೆ ಮಾವಿನ ಪೆಟ್ಟಿಗೆ ಇಳಿಸುತ್ತಿದ್ದ ಅಲಿ ಹಾಗೇ ಕೂತುಬಿಟ್ಟರಂತೆ. ಆಟೊದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತಾರು ವರ್ಷ. ಬಕ್ರೀದಿಗೆ ಐದು ದಿನ ಬಾಕಿ ಇತ್ತು.

ಅತ್ತೆ ಹುಸೇನ್ ಬೀ ಅವತ್ತಿನಿಂದ ಊಟ ಬಿಟ್ಟಿದ್ದಾರೆ. ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಗೋಡೆ ಕಡೆ ತಿರುಗುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ಒಂದು ಮಗು ಹಡೆಯಲಿಲ್ಲವೆಂದು ನನ್ನ ಮೇಲೆ ಅವರಿಗೆ ಮೊದಲೇ ಸಿಟ್ಟು. ನಮ್ಮಿಬ್ಬರ ನಡುವೆ ಮಾತು ದಾಟಿಸುತ್ತಿದ್ದವರು ಅಲಿ. ಅಮ್ಮಿ ಹೀಗಂದಳು, ಮಹೇಕ್ ಹಾಗಂದಳು ಎಂದು ಇಬ್ಬರಿಗೂ ಸಕ್ಕರೆ ಹಚ್ಚಿ ಹೇಳುತ್ತಿದ್ದರು. ಈಗ ದಾಟಿಸುವವರಿಲ್ಲ.

ಜೂನ್ ೨೭, ಗುರುವಾರ

ಇವತ್ತು ಜಗಳವಾಯಿತು. ಪೆಟ್ಟಿಗೆಗಳಿಗಾಗಿ.

ಹಿತ್ತಿಲಲ್ಲಿ ನಲವತ್ತಕ್ಕೂ ಹೆಚ್ಚು ಖಾಲಿ ಪೆಟ್ಟಿಗೆಗಳಿವೆ. ಕಾಶ್ಮೀರದಿಂದ ಸೇಬು ಬರುವ ಬಿಳಿ ಮರದವು, ಜೊತೆಗೆ ಮಾವಿನ ಸಣ್ಣ ಪೆಟ್ಟಿಗೆಗಳು. ಬೇರೆ ಅಂಗಡಿಯವರು ಹಣ್ಣು ಖಾಲಿಯಾದ ಕೂಡಲೇ ಹೋಟೆಲಿನ ಒಲೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಮ್ಮವರು ಒಂದೊಂದನ್ನೂ ಹೊತ್ತು ತಂದು ಪೇರಿಸುತ್ತಿದ್ದರು. ಏನಕ್ಕೆ ಎಂದರೆ, ಏನಕ್ಕಾದರೂ ಆಗುತ್ತವೆ ಅನ್ನುತ್ತಿದ್ದರು. ಹಲ್ಲಿ, ಚೇಳು ಸೇರಿಕೊಳ್ಳುತ್ತವೆಂದು ನಾನೇ ಎಷ್ಟು ಸಲ ಬೈದಿದ್ದೇನೋ. ಮಂಡಿಯಲ್ಲಿ ಅದಲುಬದಲಾಗದಿರಲಿ ಎಂದು ಪ್ರತಿಯೊಂದರ ಮೇಲೂ ಸ್ಕೆಚ್‌ಪೆನ್ನಿನಲ್ಲಿ ದೊಡ್ಡದಾಗಿ ‘ಹ’ ಎಂದು ಬರೆದಿದ್ದಾರೆ. ಅವರ ಪೂರ್ತಿ ಹೆಸರು ಹಜರತ್ ಅಲಿ, ಅದರ ಹ.

ಹೋಟೆಲಿನವರಿಗೆ ಹೇಳಿಕಳಿಸು, ಬಂದು ಒಯ್ಯಲಿ ಎಂದು ಅತ್ತೆ ಪಕ್ಕದ ಮನೆಯ ಚಂದ್ರಕ್ಕನಿಗೆ ಗೋಡೆ ಮೇಲಿಂದ ಹೇಳುತ್ತಿದ್ದದ್ದು ಕೇಳಿಸಿತು. ನಾನು ಹೋಗಿ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆ.

ಅತ್ತೆ ಹುಟ್ಟಿ ಬೆಳೆದದ್ದು ಹರಿಯಬ್ಬೆಯಲ್ಲಿ. ಮನೆಯಲ್ಲಿ ಉರ್ದು ಆಡಿದರೂ ಸಿಟ್ಟು ಬಂದರೆ ಅವರ ಬಾಯಿಗೆ ಕನ್ನಡವೇ ಬರುತ್ತದೆ. “ಮನುಷ್ಯನೇ ಹೋದ. ಪೆಟ್ಟಿಗಿ ಇಟ್ಕಂಡು ಏನ್ ಮಾಡ್ತೀಯವ್ವ ನೀನು?” ಎಂದರು.

ಗಿಡ ಹಾಕುತ್ತೇನೆ ಎಂದೆ. ಬಾಯಿಗೆ ಬಂದದ್ದು ಅದು. ನಾನು ಹುಟ್ಟಿದಾಗಿನಿಂದ ಒಂದು ತುಳಸಿ ಗಿಡವನ್ನೂ ನೆಟ್ಟವಳಲ್ಲ.

ಜುಲೈ ೩, ಬುಧವಾರ

ತಿಂಗಳ ದಿನ ದಾಟಿ ಹನ್ನೊಂದು ದಿನವಾಗಿತ್ತು. ಸಂಕಟಕ್ಕೆ ಹೀಗಾಗುತ್ತದೆ ಎಂದುಕೊಂಡು ಸುಮ್ಮನಿದ್ದೆ. ಅತ್ತೆ ಸುಮ್ಮನಿರಲಿಲ್ಲ. ಮುಟ್ಟಾಗಿ ನಮಾಜು ಬಿಡುವ ದಿನಗಳು ಬರಲೇ ಇಲ್ಲವಲ್ಲ ಎಂದು ಅವರು ಎಣಿಸುತ್ತಿದ್ದರಂತೆ! ಗೋಡೆ ಕಡೆ ತಿರುಗಿ ಮಲಗಿದವರಿಗೆ ಇದೊಂದು ಎಣಿಕೆ ಇತ್ತು.

ಚಂದ್ರಕ್ಕ ಅಂಗನವಾಡಿಯಲ್ಲಿ ಸಹಾಯಕಿ. ಮೆಡಿಕಲ್ ಶಾಪಿನಿಂದ ಪರೀಕ್ಷೆಯ ಕಡ್ಡಿ ತಂದುಕೊಟ್ಟಳು. ಎರಡು ಗೆರೆ.

ನಾನು ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ. ಅಲಿ ಹೋದ ಮೇಲೆ ಬಂದಿದೆ. ಇಲ್ಲ, ಹೋಗುವ ಮೊದಲೇ ಬಂದಿತ್ತು, ಹೇಳಲಿಲ್ಲ ಅಷ್ಟೇ. ಪೆಟ್ಟಿಗೆ ಇಳಿಸುವಾಗ ಅವರಿಗೆ ಗೊತ್ತಿರಲಿಲ್ಲ. 

ಹೊರಗೆ ಬಂದು ತಲೆಯಾಡಿಸಿದೆ. ಅತ್ತೆ ಅಡುಗೆಮನೆಗೆ ಹೋಗಿ ಬೆಳಗಿನ ತಂಗಳು ರೊಟ್ಟಿ ತೆಗೆದುಕೊಂಡು, ನಿಂತಲ್ಲೇ, ಎರಡು ರೊಟ್ಟಿ ತಿಂದರು. ಇಪ್ಪತ್ತೊಂದು ದಿನದ ಮೇಲೆ. ತಿನ್ನುತ್ತಾ ಅಳುತ್ತಿದ್ದರು. ಬಸುರಿಯ ಇದ್ದತ್ ನಾಲ್ಕು ತಿಂಗಳಿಗೆ ಮುಗಿಯುವುದಿಲ್ಲ, ಹೆರಿಗೆಯವರೆಗೂ ಇರುತ್ತದೆ, ಇನ್ನು ನಿಮ್ಮಣ್ಣನಿಗೆ ಅವಸರ ಬೇಡವೆಂದು ಹೇಳು ಎಂದರು. ನಾನು ಇನ್ನು ನೂರ ಎಂಟು ಎಂದು ಇಟ್ಟುಕೊಂಡಿದ್ದ ಲೆಕ್ಕ ಕೆಟ್ಟುಹೋಯಿತು.

ಜುಲೈ ೯, ಮಂಗಳವಾರ

ಗಿಡ ಹಾಕುತ್ತೇನೆ ಎಂದು ಅಂದದ್ದು ನಾನು. ಅದನ್ನು ನಿಜ ಮಾಡುತ್ತಿರುವವರು ಅತ್ತೆ. ಬಸುರಿ ಸೊಪ್ಪು ತಿನ್ನಬೇಕು, ಪೇಟೆ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ ಎಂದು ಶುರುಮಾಡಿದರು.

ಹಿತ್ತಿಲಿಗೆ ಪೂರ್ತಿ ಚಪ್ಪಡಿ ಹಾಸಿದೆ. ನೆಲದಲ್ಲಿ ಏನೂ ಬೆಳೆಯುವುದಿಲ್ಲ, ಪೆಟ್ಟಿಗೆಯಲ್ಲೇ ಆಗಬೇಕು. ಸೇಬಿನ ಪೆಟ್ಟಿಗೆಯ ಪಟ್ಟಿಗಳು ತೆಳು, ನಡುವೆ ಬೆರಳು ಹೋಗುವಷ್ಟು ಸಂದಿ. ಮಣ್ಣು ನಿಲ್ಲುವುದಿಲ್ಲ. ಹಳೆಯ ಗೊಬ್ಬರದ ಚೀಲ ಹರಿದು ಒಳಗೆ ಹಾಸಿ, ನೀರು ಬಸಿಯಲು ದಬ್ಬಳದಿಂದ ತೂತು ಮಾಡಿದೆವು. ಎದ್ದ ಮೊಳೆಗಳನ್ನು ಅತ್ತೆ ಗುಂಡುಕಲ್ಲಿನಿಂದ ಹೊಡೆದು ಕೂರಿಸಿದರು. ನನಗೆ ಕಲ್ಲು ಮುಟ್ಟಲು ಬಿಡಲಿಲ್ಲ, ಮಣೆ ಕೊಟ್ಟು ಕೂರಿಸಿದ್ದರು. ಕೂತು ಚೀಲ ಹರಿಯುವುದೇ ನನ್ನ ಕೆಲಸ.

ಮಣ್ಣು ಮತ್ತು ಕುರಿಗೊಬ್ಬರ ತಂದವನು ಕಾಟಯ್ಯ. ಹರಿಯಬ್ಬೆ ಕಡೆಯ ಗೊಲ್ಲರ ಹಟ್ಟಿಯವನು, ಅವನ ದಾಳಿಂಬೆಯನ್ನು ನಮ್ಮವರು ಕೊಳ್ಳುತ್ತಿದ್ದರು. ನಾನು ಎದುರಿಗೆ ಬರುವಂತಿಲ್ಲವೆಂದು ಅವನಿಗೆ ಗೊತ್ತು. ಗೋಡೆಯಾಚೆ ನಿಂತು, ಕೆಮ್ಮಿ, ಒಳಗೆ ಹೋಗವ್ವ ಎಂದು ಕೂಗಿ ಆಮೇಲೆ ಚೀಲ ಇಳಿಸಿದ. ಹೋಗುವಾಗ ಗೋಡೆಗೇ ಹೇಳಿದ: “ಅಲಿ ಸಾಬ್ರು ಒಂದಿನಾನೂ ನಮ್ ಹಣ್ಣಿಗೆ ಹೆಸರಿಡ್ಲಿಲ್ಲ ಕಣವ್ವ.” ನಾನು ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದೆ.

ಹದಿನಾಲ್ಕು ಪೆಟ್ಟಿಗೆ ತುಂಬಿದವು. ಮೆಂತ್ಯ, ಕೊತ್ತಂಬರಿ, ಹರಿವೆ ಬಿತ್ತಿದೆವು, ಕಾಟಯ್ಯ ತಂದ ಟೊಮೆಟೊ, ಮೆಣಸಿನ ಸಸಿ ನೆಟ್ಟೆವು. ಒಂದನ್ನು ಸಬ್ಬಸಿಗೆಗೆಂದು ಅತ್ತೆ ಏನೂ ಬಿತ್ತದೆ ಬಿಟ್ಟಿದ್ದಾರೆ. ಬಾಣಂತಿಗೆ ಸಬ್ಬಸಿಗೆ ಬೇಕು, ಈಗಲೇ ಬಿತ್ತಿದರೆ ದಂಡವಾಗುತ್ತದೆ ಎಂದರು. ಹೆರಿಗೆ ಮಾರ್ಚಿಗೆ. ಎಂಟು ತಿಂಗಳ ಮುಂಚೆ ಪೆಟ್ಟಿಗೆ ಕಾದಿರಿಸಿದ್ದಾರೆ! ನನಗೆ ನಗು ಬಂತು. ಜೂನಿನಿಂದ ಇದೇ ಮೊದಲು.

ಜುಲೈ ೨೧, ಭಾನುವಾರ

ಮೆಂತ್ಯ ಎರಡು ಬೆರಳೆತ್ತರ ಬಂದಿದೆ. ಬೆಳಿಗ್ಗೆ ಎದ್ದ ಕೂಡಲೇ ನೋಡಲು ಹೋದೆ. ನೋಡಿದ ಮೇಲೆ ನೆನಪಾಯಿತು, ಅಲಿ ಇಲ್ಲ. ಮೊದಲು ಅದು ನೆನಪಾಗಿ ಆಮೇಲೆ ಕಣ್ಣು ಬಿಡುತ್ತಿದ್ದೆ. ಇವತ್ತು ಮೆಂತ್ಯ ಮೊದಲು ನೆನಪಾಯಿತು. ನಾಚಿಕೆಯಾಯಿತು.

ನೀರು ಹಾಕುವಾಗ ಪೆಟ್ಟಿಗೆಯ ಮೇಲಿನ ‘ಹ’ ತೊಯ್ಯದ ಹಾಗೆ ಹಾಕುತ್ತೇನೆ. ಅತ್ತೆಯೂ ಹಾಗೇ ಹಾಕುತ್ತಾರೆ. ಅವರಿಗೆ ಆ ಅಕ್ಷರ ಓದಲು ಬರುವುದಿಲ್ಲ.

ಆಗಸ್ಟ್ ೨, ಶುಕ್ರವಾರ

ಹೋಯಿತು.

ಆಗಸ್ಟ್ ೪, ಭಾನುವಾರ

ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಶುಕ್ರವಾರ ಮಧ್ಯಾಹ್ನ ಅತ್ತೆ ಮಲಗಿದ್ದರು. ಬೆಳಗಿನಿಂದ ಸೊಂಟ ಹಿಡಿದಿತ್ತು. ಬಚ್ಚಲಿಗೆ ಹೋದೆ. ರಕ್ತ. ಆಮೇಲೆ ಅದು. ನನ್ನ ಅಂಗೈಯಲ್ಲಿ ಹಿಡಿಸುವಷ್ಟು. ಏನೆಂದು ನೋಡಲು ಧೈರ್ಯವಾಗಲಿಲ್ಲ, ಆದರೂ ನೋಡಿದೆ. ನೋಡಬಾರದಿತ್ತು. ಇಲ್ಲ, ನೋಡಿದ್ದು ಸರಿ. ನಾನಲ್ಲದೆ ಅದನ್ನು ಇನ್ನು ಯಾರು ನೋಡುತ್ತಿದ್ದರು.

ನೀರು ಹೊಯ್ದು ಕಳಿಸಲು ಕೈ ಬರಲಿಲ್ಲ. ಅಲಿಯವರ ಬಿಳಿ ಕರ್ಚೀಫಿನಲ್ಲಿ ಸುತ್ತಿದೆ. ಕಬರಸ್ತಾನಕ್ಕೆ ಹೆಂಗಸರು ಹೋಗುವುದಿಲ್ಲ, ನಾನಂತೂ ಹೊಸ್ತಿಲು ದಾಟುವಂತಿಲ್ಲ. ನೆಲ ನೋಡಿದರೆ ಚಪ್ಪಡಿ. ಹಿತ್ತಿಲಲ್ಲಿ ನಿಂತು ಸುತ್ತ ನೋಡಿದೆ. ಈ ಮನೆಯಲ್ಲಿ ಒಂದು ಹಿಡಿ ಮಣ್ಣಿರುವುದು ಪೆಟ್ಟಿಗೆಗಳಲ್ಲಿ ಮಾತ್ರ.

ಸಬ್ಬಸಿಗೆಗೆಂದು ಬಿಟ್ಟ ಪೆಟ್ಟಿಗೆಯಲ್ಲಿ ಬರೀ ಮಣ್ಣಿತ್ತು. ತಳ ಮುಟ್ಟುವವರೆಗೆ ಕೈಯಿಂದ ತೋಡಿ ಇಟ್ಟೆ. ಮಣ್ಣು ಮುಚ್ಚಿ, ನನಗೆ ಬಂದ ದುವಾ ಓದಿದೆ. ಅಶುದ್ಧದಲ್ಲಿ ಓದಬಹುದೋ ಇಲ್ಲವೋ ಗೊತ್ತಿಲ್ಲ. ಮೇಲೆ ಅಡುಗೆಗೆ ತಂದಿದ್ದ ಪುದೀನದ ಕಡ್ಡಿ ಚುಚ್ಚಿದೆ. ಪುದೀನವನ್ನು ಯಾರೂ ಬೇರುಸಮೇತ ಕೀಳುವುದಿಲ್ಲ.

ಅತ್ತೆ ಎದ್ದು ಬಂದಾಗ ಕೈ ತೊಳೆಯುತ್ತಿದ್ದೆ. ಏನು ನೆಟ್ಟೆ ಎಂದರು. ಪುದೀನ ಎಂದೆ. ಅವರ ಕೈಯಲ್ಲಿ ತಟ್ಟೆ ಇತ್ತು. ಎರಡು ರೊಟ್ಟಿ, ಮೆಂತ್ಯದ ಪಲ್ಯ, ನಮ್ಮದೇ ಮೆಂತ್ಯ. ನನ್ನ ಹೊಟ್ಟೆಯತ್ತ ನೋಡಿ, “ಇದೊಂದ್ ಬಂದ್ರೆ ಸಾಕು, ನಾನ್ ಇನ್ನು ಹತ್ತು ವರ್ಷ ಬದುಕ್ತೀನಿ” ಎಂದರು. ಹೇಳಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡೆ. ಹೇಳಿದರೆ ತಟ್ಟೆ ಕೆಳಗಿಟ್ಟು ಗೋಡೆ ಕಡೆ ತಿರುಗುತ್ತಾರೆ. ಆಮೇಲೆ ಏಳುವುದಿಲ್ಲ.

ಆಗಸ್ಟ್ ೭, ಬುಧವಾರ

ರಕ್ತ ನಿಂತಿಲ್ಲ. ಹಾಗಿರುವಾಗ ನಮಾಜು ಮಾಡುವಂತಿಲ್ಲ. ಮಾಡದಿದ್ದರೆ ಅತ್ತೆಗೆ, ಈಗೀಗ ನಾನೂ ಅಮ್ಮಿ ಎನ್ನುವವಳಿಗೆ, ಗೊತ್ತಾಗುತ್ತದೆ, ಅವಳು ಕೂತು ಎಣಿಸುವುದೇ ಅದನ್ನು. ಹಾಗಾಗಿ ಐದು ಹೊತ್ತೂ ಚಾಪೆಯ ಮೇಲೆ ನಿಲ್ಲುತ್ತೇನೆ, ಬಾಗುತ್ತೇನೆ, ಹಣೆ ಊರುತ್ತೇನೆ, ಏನೂ ಓದುವುದಿಲ್ಲ. ಬರೀ ತುಟಿ ಅಲ್ಲಾಡಿಸುತ್ತೇನೆ. ಗಂಡನನ್ನು ಕಳೆದುಕೊಂಡೆ, ಮಗುವನ್ನು ಕಳೆದುಕೊಂಡೆ, ಈಗ ದೇವರ ಮುಂದೆ ನಾಟಕ ಮಾಡಲು ನಿಂತಿದ್ದೇನೆ. ಈ ಪಾಪ ಯಾರ ತಲೆಗೆ ಕಟ್ಟಬೇಕೋ ಕಟ್ಟಲಿ.

ಹಣೆ ಊರಿದಾಗ ಅಳಲು ಅನುಕೂಲ. ಅಮ್ಮಿ ಅದನ್ನು ಭಕ್ತಿ ಎಂದುಕೊಳ್ಳುತ್ತಾಳೆ.

ಆಗಸ್ಟ್ ೧೯, ಸೋಮವಾರ

ಎಲ್ಲ ಪೆಟ್ಟಿಗೆಗಿಂತ ಆ ಪುದೀನವೇ ಚೆನ್ನಾಗಿ ಬಂದಿದೆ. ಎಲೆ ದಪ್ಪ, ಕಪ್ಪು ಹಸಿರು. ಅಮ್ಮಿ ಚಹಾಕ್ಕೆ ಎರಡು ಎಲೆ ಕೀಳಲು ಹೋದಳು. ಅದಕ್ಕೆ ಹುಳ ಬಿದ್ದಿದೆ, ಬೇಡ ಎಂದೆ. ಎಲ್ಲೈತೆ ಹುಳ ಎಂದು ಎಲೆ ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಕಣ್ಣು ಮಂಜು, ನನ್ನ ಮಾತು ನಂಬಿದಳು. ನಂಬಿಸಿದ್ದಕ್ಕೆ ಮಧ್ಯಾಹ್ನ ನನಗೆ ಊಟ ಇಳಿಯಲಿಲ್ಲ. ಬಸುರಿ ಹಸಿದಿರಬಾರದೆಂದು ಅವಳೇ ಕಲಸಿ ತುತ್ತು ಕೊಟ್ಟಳು. ತಿಂದೆ. ತುತ್ತು ತುತ್ತಿಗೂ ಕಳ್ಳತನ ಮಾಡುತ್ತಿದ್ದೇನೆ ಅನಿಸಿತು.

ಟೊಮೆಟೊ ಹೂ ಬಿಟ್ಟಿದೆ. ಹಸಿಮೆಣಸಿನಕಾಯಿ ಚಂದ್ರಕ್ಕನ ಮನೆಗೂ ಕೊಟ್ಟೆವು.

ಸೆಪ್ಟೆಂಬರ್ ೫, ಗುರುವಾರ

ಚಂದ್ರಕ್ಕ ಬಿಡುತ್ತಿಲ್ಲ. ತಾಯಿ ಕಾರ್ಡ್ ಮಾಡಿಸಬೇಕು, ಸ್ಕ್ಯಾನಿಂಗ್ ಆಗಬೇಕು, ಆಸ್ಪತ್ರೆಗೆ ಹೋಗಲು ಇದ್ದತ್ ಅಡ್ಡ ಬರುವುದಿಲ್ಲವಂತೆ, ನಿಮ್ಮವರನ್ನೇ ಕೇಳಿದ್ದೇನೆ ಎನ್ನುತ್ತಾಳೆ. “ಆಟೊ ನಾನ್ ತರ್ತೀನಿ, ಸೋಮಾರ ಹೋಗಾಣ.” ಅಮ್ಮಿಯೂ ಆಗಲಿ ಎಂದಳು. ಈದ್ ಮಿಲಾದ್ ಕಳೆಯಲಿ ಎಂದು ನಾನೇ ಮುಂದಕ್ಕೆ ಹಾಕಿದೆ. ಎಷ್ಟು ದಿನ ಹಾಕುತ್ತೇನೆ? ಮೂರೂವರೆ ತಿಂಗಳು ಎಂದು ಅಮ್ಮಿ ಬೆರಳು ಮಡಿಸುತ್ತಾಳೆ. ನಿನ್ನೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಗಂಡು ಹೊಟ್ಟೆಯಾದರೆ ತಡವಾಗಿ ಕಾಣುತ್ತದೆ ಎಂದಳು.

ಇವತ್ತು ಮತ್ತೆ ಮುಟ್ಟು. ಮತ್ತೆ ಬರೀ ತುಟಿ.

ಹೇಳಬೇಕು. ನಾಳೆ ಹೇಳುತ್ತೇನೆ.

ಸೆಪ್ಟೆಂಬರ್ ೮, ಭಾನುವಾರ

ಹೇಳಲಿಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಗೊಬ್ಬರ ಹಾಕಲು ಬಂದ ಕಾಟಯ್ಯ ಗೋಡೆಯಾಚೆಯಿಂದ ಇಣುಕಿ, ಅಮ್ಮಿಯನ್ನು ಕರೆದು ತೋರಿಸಿದನಂತೆ. ಪೆಟ್ಟಿಗೆಗಳಿಗೆ ಗೆದ್ದಲು ಹಿಡಿದಿದೆ. ತಪ್ಪು ನಮ್ಮದೇ. ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕಿತ್ತು, ನಾವು ಚಪ್ಪಡಿ ಮೇಲೆ ಹಾಗೇ ಇಟ್ಟಿದ್ದೆವು. ಸಂದಿಯಿಂದ ಹತ್ತಿ ತಳದ ಪಟ್ಟಿಗಳನ್ನು ತಿಂದುಹಾಕಿವೆ. ಎಲ್ಲ ಕವುಚಿ, ಮಣ್ಣು ಬಿಸಿಲಿಗೆ ಹರವಿ, ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿ ಎಂದು ಹೇಳಿ ಹೋದ. ನಾನು ಸ್ನಾನಕ್ಕೆ ಹೋಗಿದ್ದೆ.

ಧಡ್ ಧಡ್ ಸದ್ದು ಕೇಳಿತು. ಅಮ್ಮಿ ಒಬ್ಬಳೇ ಪೆಟ್ಟಿಗೆ ಕವುಚುತ್ತಿದ್ದಾಳೆ ಎಂದು ಗೊತ್ತಾಯಿತು. ಮೈಮೇಲೆ ಬಟ್ಟೆ ಎಳೆದುಕೊಂಡು, ತಲೆಯಿಂದ ನೀರು ಸುರಿಯುತ್ತಿದ್ದಂತೆಯೇ ಓಡಿದೆ. ಕೊತ್ತಂಬರಿಯದು, ಹರಿವೆಯದು, ಟೊಮೆಟೊ, ಎಲ್ಲ ಚಪ್ಪಡಿಯ ಮೇಲೆ ಗುಡ್ಡೆಯಾಗಿದ್ದವು. ಅವಳ ಎರಡು ಕೈಯೂ ಪುದೀನದ ಪೆಟ್ಟಿಗೆಯ ಅಂಚಿನಲ್ಲಿದ್ದವು. ಒಂದು ಕಡೆ ಆಗಲೇ ಎತ್ತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. ನೋವಾಗುವಷ್ಟು ಹಿಡಿದೆ.

“ಅದೊಂದ್ ಬ್ಯಾಡ ಅಮ್ಮಿ.”

ಗೆದ್ದಲು ಐತಲ್ಲೇ ಎಂದಳು. ಇರಲಿ ಎಂದೆ. ಅವಳು ನನ್ನ ಮುಖ ನೋಡಿದಳು. ಪೆಟ್ಟಿಗೆ ನೋಡಿದಳು. ನನ್ನ ಹೊಟ್ಟೆ ನೋಡಿದಳು. ಎತ್ತಿದ್ದ ಅಂಚನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗಿಟ್ಟಳು. ಆಮೇಲೆ ಮಣ್ಣಿನ ಗುಡ್ಡೆಗಳ ನಡುವೆ ಕೂತಳು.

“ಯಾವತ್ತು?”

ಆಗಸ್ಟ್ ಎರಡು ಎಂದೆ. ಶುಕ್ರವಾರ, ನೀವು ಮಲಗಿದ್ದಾಗ ಎಂದೆ. ಅವಳು ಬೆರಳು ಮಡಿಸಲು ಶುರುಮಾಡಿದಳು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಮುಗಿಯಿತು, ಮತ್ತೆ ಮೊದಲ ಕೈಗೆ ಬಂದಳು. ಎಲ್ಲಿಗೋ ಬಂದು ಬಿಟ್ಟುಬಿಟ್ಟಳು.

“ಇಷ್ಟು ದಿನ ಒಬ್ಳೇ ಇದ್ಯೇನೇ?” ಎಂದಳು.

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಗೋಡೆ ಕಡೆ ತಿರುಗುತ್ತಾಳೆ ಎಂದು ನಲವತ್ತು ದಿನ ಹೆದರಿದ್ದೆ. ಈ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. ಅವಳ ತೊಡೆಯ ಮೇಲೆ ಬಿದ್ದು ಅತ್ತುಬಿಟ್ಟೆ. ಅಲಿ ಹೋದಾಗಲೂ ಹೀಗೆ ಅತ್ತಿರಲಿಲ್ಲ, ಆಗ ಸುತ್ತ ಜನ ಇದ್ದರು. ಅವಳ ಮಣ್ಣಾದ ಕೈ ನನ್ನ ಹಸಿ ತಲೆಯ ಮೇಲೆ ಆಡುತ್ತಿತ್ತು. ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕಾಯಿತು.

ಸಂಜೆ ಆ ಪೆಟ್ಟಿಗೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹಿಂಡಿ ಬೆರೆಸಿ ತುಂಬಿ, ಬೇರಿನ ಮಣ್ಣು ಉದುರದ ಟೊಮೆಟೊ ಗಿಡಗಳನ್ನು ಮತ್ತೆ ನೆಟ್ಟೆವು. ಅದರ ಕೆಳಗೆ ಮಾತ್ರ, ಅಲ್ಲಾಡದ ಹಾಗೆ, ಇಬ್ಬರೂ ಸೇರಿ ಒಂದೊಂದೇ ಇಟ್ಟಿಗೆ ತೂರಿಸಿದೆವು. ಹೆಸರಿಟ್ಟಿದ್ದೀಯಾ ಎಂದು ಕೇಳಿದಳು. ಇಲ್ಲ, ಗಂಡೋ ಹೆಣ್ಣೋ ಗೊತ್ತಾಗಲಿಲ್ಲ ಎಂದೆ. ದೃಷ್ಟಿಯಾಗುತ್ತದೆಂದು ಅವಳು ಯಾರಿಗೂ ಹೇಳದೆ ಜುಲೈನಲ್ಲೇ ಒಂದು ಹೆಸರು ಇಟ್ಟುಕೊಂಡಿದ್ದಳಂತೆ, ಗಂಡಾದರೂ ಹೆಣ್ಣಾದರೂ ಆಗುವಂಥದ್ದು. ನನ್ನ ಕಿವಿಯಲ್ಲಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ ೧೩, ಶುಕ್ರವಾರ

ಬೆಳಿಗ್ಗೆ ಅಮ್ಮಿ ಊಟ ಮಾಡಲಿಲ್ಲ. ಮಧ್ಯಾಹ್ನವೂ ಇಲ್ಲ. ಸಂಜೆ ನಾನೇ ಕಲಸಿ ತುತ್ತು ಕೊಟ್ಟೆ. ನಾಲ್ಕು ತುತ್ತು ತಿಂದಳು.

ಅಕ್ಟೋಬರ್ ೬, ಭಾನುವಾರ

ಟೊಮೆಟೊ ಜಾಸ್ತಿಯಾಗಿದೆ, ಚಟ್ನಿ ಮಾಡಿದೆವು. ಚಂದ್ರಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು, ಡಾಕ್ಟರಮ್ಮ ನೋಡಿ ಒಳಗೆ ಏನೂ ಉಳಿದಿಲ್ಲ ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಬರುವಾಗ ಆಟೊದಲ್ಲಿ ಅಮ್ಮಿ ನನ್ನ ಕೈ ಬಿಡಲಿಲ್ಲ. ಬೀನ್ಸ್ ಬೀಜ ಕೊಂಡು ತಂದೆವು.

ಅಕ್ಟೋಬರ್ ೧೯, ಶನಿವಾರ

ಬೆಳಿಗ್ಗೆ ಬೀನ್ಸಿನ ಬಳ್ಳಿಗೆ ಕಡ್ಡಿ ನೆಡುತ್ತಿದ್ದೆ. ಮುಂದೆ ಲಗೇಜ್ ಆಟೊ ನಿಂತ ಸದ್ದಾಯಿತು. ಮುಝಫರ್. ಇವತ್ತೇನು ಬಂದೆ ಎಂದೆ. ಅವನು ನನ್ನನ್ನೇ ನೋಡಿದ. “ಹತ್ತೊಂಬತ್ತಲ್ವೇನೇ ಇವತ್ತು?” ಎಂದ.

ಮಗು ಹೋದ ಮೇಲೆ ಇದ್ದತ್ ಹಳೆಯ ಲೆಕ್ಕಕ್ಕೇ ಬಂದಿತ್ತು, ನಾನು ಮರೆತಿದ್ದೆ. ಅಮ್ಮಿಗೆ ನೆನಪಿತ್ತು. ಒಳಗೆ ಹೋಗಿ ನೋಡಿದರೆ ನನ್ನ ಬಟ್ಟೆಗಳನ್ನೆಲ್ಲ ಮಡಿಸಿ ಚೀಲಕ್ಕೆ ಹಾಕಿದ್ದಾಳೆ. ಪುದೀನದ ಪೆಟ್ಟಿಗೆಗೆ ಸುತ್ತಲೂ ತೆಂಗಿನ ಹಗ್ಗ ಬಿಗಿದು, ಗೆದ್ದಲು ತಿಂದ ತಳಕ್ಕೆ ಹೊಸ ಹಲಗೆ ಕಟ್ಟಿ ತಲಬಾಗಿಲ ಬಳಿ ತಂದಿಟ್ಟಿದ್ದಾಳೆ. ಒಬ್ಬಳೇ ಯಾವಾಗ ಹೊತ್ತಳೋ, ಬಳ್ಳಿಯ ಕೆಲಸದಲ್ಲಿ ನಾನು ಗಮನಿಸಿರಲಿಲ್ಲ. “ಅದು ನಿಂದು. ತಗಂಡ್ ಹೋಗು” ಎಂದಳು. ಮುಝಫರ್‌ಗೆ, ಇದನ್ನು ಮೊದಲು ಏರಿಸಪ್ಪ, ಬಗ್ಗಿಸಬೇಡ ಎಂದಳು. ಅವನಿಗೇನು ಗೊತ್ತು, ಬಸುರಿನ ಸುದ್ದಿಯನ್ನೇ ನಾನು ಅವನಿಗೆ ಮುಟ್ಟಿಸಿರಲಿಲ್ಲ. ಪುದೀನಕ್ಕೆ ಇಷ್ಟೊಂದಾ, ದುರ್ಗದಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ನಕ್ಕ. ಅಮ್ಮಿಯೂ ಹೌದಪ್ಪ ಎಂದು ನಕ್ಕಳು. ಅವನು ಎತ್ತಲು ಬಗ್ಗಿದ. ಅಮ್ಮಿಯ ಕೈ ಪೆಟ್ಟಿಗೆಯ ಅಂಚು ಬಿಡಲೇ ಇಲ್ಲ. ಅವನು ಎಳೆದಷ್ಟೂ ಅವಳೂ ಜೊತೆಗೆ ಎರಡು ಹೆಜ್ಜೆ ಬಂದಳು. ತಾನು ಹಿಡಿದುಕೊಂಡಿರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಇಡು ಎಂದೆ ಅಣ್ಣನಿಗೆ. ಮಣ್ಣು ಇನ್ನೂ ಹಸಿಯಾಗಿದೆ, ಹಲಗೆ ತಡೆಯುವುದಿಲ್ಲ, ದಾರಿಯಲ್ಲಿ ಕಳಚುತ್ತದೆ. ಒಣಗಲಿ, ಆಮೇಲೆ ಬರುತ್ತೇನೆ ಎಂದೆ. ಯಾವಾಗ ಒಣಗುತ್ತದೆ ಎಂದ. ನೋಡಬೇಕು ಎಂದೆ. ಸಿಟ್ಟು ಮಾಡಿಕೊಂಡ, ಚಹಾ ಕುಡಿದ, ಎರಡು ಕೆಜಿ ಟೊಮೆಟೊ ತೆಗೆದುಕೊಂಡು ಹೋದ.

ಅಮ್ಮಿ, ನಾನು ಇಬ್ಬರೂ ಒಂದೊಂದು ಕಡೆ ಹಿಡಿದು ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು ಇಟ್ಟಿಗೆಯ ಮೇಲೆ ಇಟ್ಟೆವು. ಅವಳು ಚೊಂಬು ತಂದು ಅದಕ್ಕೆ ತುಂಬ ನೀರು ಹಾಕಿದಳು. ನಾಳೆಯೂ ಒಣಗುವುದಿಲ್ಲ.